ಸಮುದ್ರಕ್ಕೇನು ಗೊತ್ತು ಅಮಾವಾಸ್ಯೆ?

ಮೂವತ್ತೆರಡನೆಯ ವಯಸ್ಸಿಗೆ ನನಗೆ ನಿವೃತ್ತಿಯ ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಫೋಟೋ ತೆಗೆದರು. "ಇದು ರಾಜೀನಾಮೆ, ನಿವೃತ್ತಿ ಅಲ್ಲ" ಎಂದು ನಾನು ಆಕ್ಷೇಪ ಎತ್ತಿದೆ. ನಮ್ಮ ಮಾಲಕರು ಶಿವಗೌಡ ಅಣ್ಣಾ ಶಾಲಿನ ಅಂಚು ಸರಿಮಾಡುತ್ತ, "ಒಂಬತ್ತು ವರ್ಷ ದಿನಾ ನನ್ನ ಜೋಡಿ ವಾದ ಮಾಡಿದಿ. ನಿವೃತ್ತಿ ನಿನಗಲ್ಲವ್ವಾ, ನನ್ನ ಕಿವಿಗಿ" ಎಂದರು. ಒಂಬತ್ತು ವರ್ಷಗಳಲ್ಲಿ ಅವರು ನನ್ನ ವಿರುದ್ಧ ಗೆದ್ದ ಒಂದೇ ವಾದ ಅದು. ಗೆದ್ದದ್ದು ಕೊನೆಯ ದಿನ.

ನನ್ನ ಮೇಜಿಗೆ ಈಗ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಕೆಲಸ ಏನೆಂದು ಕೇಳಿದರು. ದೋಣಿ ಬುಕ್ ಮಾಡುವುದು ಎಂದೆ. ಅಷ್ಟೇನಾ ಎಂದರು. ಅಷ್ಟೇ ಅಲ್ಲ ಎಂದು ಹೇಳಲು ಹೊರಟರೆ ಮಧ್ಯಾಹ್ನದ ಊಟ ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಟ್ರಾವೆಲ್ಸ್. ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಹುಟ್ಟಿ, ಇಚಲಕರಂಜಿಯ ಸ್ಟ್ಯಾಂಡಿನ ಹತ್ತಿರವೂ ಒಂದು ಆಫೀಸು ತೆರೆಯಿತು; ನಾನು ಕೂರುತ್ತಿದ್ದದ್ದು ಅಲ್ಲಿ. ಆಂಬೋಲಿ ಘಟ್ಟ ಇಳಿದು ಕೊಂಕಣದ ದಂಡೆಗೆ ರಜೆಗೆ ಹೋಗುವವರಿಗೆ ಗಾಡಿ, ಕೋಣೆ, ಊಟ ಎಲ್ಲ ನೋಡುತ್ತೇವೆ. ನನ್ನ ಮೇಜು ಬೇರೆ: ಗಾಳ ಹಾಕಿ ಮೀನು ಹಿಡಿಯುವ ಶೋಕಿ ಇರುವವರಿಗೆ ಅರ್ಧ ದಿನದ ಮಟ್ಟಿಗೆ ಇಡೀ ದೋಣಿಯನ್ನೇ ಗೊತ್ತುಮಾಡಿ ಕೊಡುವುದು. ಬೇರೆ ಪ್ರವಾಸಿಗಳಿಲ್ಲ, ನೀವು, ನಿಮ್ಮವರು, ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವವನು, ಮತ್ತು ಸಮುದ್ರ.

ಸಮುದ್ರದಿಂದ ನಾಲ್ಕೈದು ತಾಸಿನ ದೂರದಲ್ಲಿ ಕೂತು ಸಮುದ್ರ ಮಾರುವ ಕೆಲಸದಲ್ಲಿ ನನ್ನನ್ನು ಹಿಡಿದಿಟ್ಟದ್ದು ಸಂಬಳವಲ್ಲ, ಒಂದು ಪ್ರಶ್ನೆ. ಹಿರಣ್ಯಕೇಶಿ, ಪಂಚಗಂಗೆ ಮನೆಯ ಹಿಂದೆಯೇ ಹರಿಯುವಾಗ ಈ ಜನ ಅಷ್ಟು ದೂರ ಹೋಗಿ ಗಾಳ ಯಾಕೆ ಹಾಕುತ್ತಾರೆ? ಬಂದವರನ್ನೆಲ್ಲ ಕೇಳುತ್ತಿದ್ದೆ. "ಹೆಂಡ್ತಿ ದೋಣಿ ಹತ್ತೂದಿಲ್ಲ, ಅದಕ್ಕ" ಎಂದವರೂ ಉಂಟು. ನನಗೆ ಒಪ್ಪಿಗೆಯಾದ ಉತ್ತರ ಕೊಟ್ಟವನು ಮಲ್ಲಪ್ಪ ಎಂಬ ಜಾಬರ್. ಪಾವರ್‌ಲೂಮ್ ಕಾರ್ಖಾನೆಯಲ್ಲಿ ಮಗ್ಗ ಕೆಟ್ಟರೆ ಸರಿಮಾಡುವವನು. "ಮಗ್ಗ ಬರೇ ಬಡೀತೈತ್ರಿ ಮ್ಯಾಡಮ್. ದಿನಾ ಹನ್ನೆರಡು ತಾಸು ಬಡೀತೈತಿ. ಎಳಿಯೂದು ಅಂದ್ರ ಏನಂತ ಕೈಗಿ ಮರತ ಹೋಗೇತಿ." ಅವನ ಕಥೆಯನ್ನೇ ಮುಂದೆ ಹೇಳಬೇಕಿದೆ. ಅದಕ್ಕೆ ಮೊದಲು ಬಕೆಟ್ಟಿನ ಕಥೆ, ಯಾಕೆಂದರೆ ತಪ್ಪು ಮಾಡುವುದು ಗಿರಾಕಿಗಳು ಮಾತ್ರ ಎಂದು ನಾನು ಆಗ ನಂಬಿದ್ದೆ.

ದತ್ತವಾಡದ ಐದು ಜನ ಕಬ್ಬಿನ ರೈತರು ಸೋಮವಾರಕ್ಕೆ ದೋಣಿ ಕೇಳಿದರು. ಸೋಮವಾರ ಅವರ ಮನೆಗಳಲ್ಲಿ ಮೀನು, ಮಾಂಸ ನಡೆಯುವುದಿಲ್ಲ. "ಹಿಡಿಯೂದು ಸೋಮವಾರ, ಕೊಲ್ಲೂದು ಮಂಗಳವಾರ. ಇದರಾಗ ತಪ್ಪೇನೈತಿ?" ಎಂದರು. ತರ್ಕ ಸರಿಯಿತ್ತು, ನಾನೂ ತಲೆದೂಗಿದೆ. ಹಿಡಿದ ಐದು ಮೀನುಗಳನ್ನು ಜೀವಂತ ತಂದು ಕೋಣೆಯ ಬಚ್ಚಲ ಬಕೆಟ್ಟಿನಲ್ಲಿ ನಳದ ನೀರು ತುಂಬಿ ಬಿಟ್ಟಿದ್ದಾರೆ. ಸ್ವಲ್ಪ ಹೊತ್ತಿಗೆಲ್ಲ ಐದೂ ಹೊಟ್ಟೆ ಮೇಲು. ನನಗೆ ಫೋನು: "ಮ್ಯಾಡಮ್, ಚಲೋ ನೀರಾಗ ಬಿಟ್ಟರೂ ಸತ್ತಾವಲ್ರೀ!" ಉಪ್ಪುನೀರಿನ ಮೀನಿಗೆ ನಮ್ಮ ಚಲೋ ನೀರೇ ವಿಷವೆಂದು ಹೊಳೆಯ ದಂಡೆಯವರಿಗೆ ಯಾರು ಹೇಳಬೇಕಿತ್ತು? ಹೇಳಬೇಕಾದ ಮೇಜಿನ ಹಿಂದೆ ನಾನೇ ಕೂತಿದ್ದೆ. ಆದರೆ ನಾನು ಆ ದಿನ ನಕ್ಕೆ. ಅಷ್ಟೇ.

ಈಗ ಮಲ್ಲಪ್ಪನ ಕಥೆ. ಒಂದು ದಿನ ಅವನು ತನ್ನ ಅಣ್ಣನನ್ನೂ ಅತ್ತಿಗೆಯನ್ನೂ ಕರೆದುಕೊಂಡು ಬಂದ. ಅಣ್ಣನ ಕೈ ಹಿಡಿದು ಕುರ್ಚಿಯ ಬೆನ್ನಿಗೆ ಮುಟ್ಟಿಸಿದ.

"ಇವ ನಮ್ಮ ಅಣ್ಣ ರೀ, ಸತ್ಯಪ್ಪ. ಸಕ್ಕರಿ ಬ್ಯಾನಿಯಿಂದ ಎರಡೂ ಕಣ್ಣು ಹೋಗ್ಯಾವ..."

"ಕಣ್ಣು ಹೋಗ್ಯಾವ, ಬಾಯಿ ಐತಲ್ಲ. ನಾನ ಹೇಳತೇನಿ ತಡಿ," ಎಂದು ಸತ್ಯಪ್ಪ ಕೂತರು. "ನಮ್ಮ ಊರಾಗ ಹಿರಣ್ಯಕೇಶಿ ದಂಡಿ ಮ್ಯಾಲ ನಲವತ್ತು ವರ್ಷ ಗಾಳ ಹಾಕೇನ್ರಿ ಮ್ಯಾಡಮ್. ಇವಗೂ ನಾನ ಕಲಿಸಿದ್ದು. ಮೀನು ಕಚ್ಚೂದು ಕಣ್ಣಿಗಿ ಕಾಣೂದಲ್ಲ, ಬೆರಳಿಗಿ ತಿಳಿಯೂದು. ಖರೆ ಏನಾಗೇತಿ ಅಂದ್ರ, ಕಾಲಬೆರಳು ಜೋಮು ಹಿಡದು ಸತ್ತಾವ. ಕೈದೂ ಹಂಗ ಆಗತಾವ ಅಂತ ಡಾಕ್ಟರು ಹೇಳ್ಯಾರ. ಆಗೂದರೊಳಗ ಸಮುದ್ರದ ಮೀನು ಹ್ಯಾಂಗ ಎಳೀತೈತಿ, ಅದೊಂದು ಈ ಬೆರಳಿಗಿ ತಿಳೀಬೇಕ್ರಿ. ಮುಂದ ಏನ ಬೇಕಾದ್ದಾಗಲಿ."

ಹತ್ತು ಜನರನ್ನು ಒಟ್ಟಿಗೆ ಒಯ್ಯುವ ದೋಣಿಯವರು ಕಣ್ಣಿಲ್ಲದವರನ್ನು ಹತ್ತಿಸುವುದಿಲ್ಲ ಎಂದಿದ್ದರಂತೆ. ಅದಕ್ಕೆ ಇವರಿಗೆ ಖಾಸಗಿ ದೋಣಿಯೇ ಬೇಕು. ಮಲ್ಲಪ್ಪನಿಗೆ ಕಾರ್ಖಾನೆಯಲ್ಲಿ ಸಿಕ್ಕ ರಜೆ ಎರಡೇ ದಿನ. ಮೊದಲ ದಿನ ಹೋಗುವುದು, ಎರಡನೆಯ ದಿನ ಬೆಳಗ್ಗೆ ದೋಣಿ, ಹನ್ನೆರಡರೊಳಗೆ ದಡ, ರಾತ್ರಿ ಎಂಟರ ಪಾಳಿಗೆ ಮಗ್ಗದ ಮುಂದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಎರಡನೆಯ ದಿನದ ಚೌಕದೊಳಗೆ ಒಂದು ಕರಿ ಉರುಟು ಇತ್ತು. ಸತ್ಯಪ್ಪನ ಹೆಂಡತಿ ಗೌರವ್ವನ ಕಣ್ಣು ನೇರ ಅಲ್ಲಿಗೇ ಹೋಯಿತು.

"ಅಮಾಸಿ ದಿನ ನೀರಿಗಿ ಇಳಿಯೂದ ಬ್ಯಾಡ್ರಿ."

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ನೂಲ ಗ್ರಾಮದವಳು. ಗಡಹಿಂಗ್ಲಜದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಚೀಟಿಯಲ್ಲಿ ಬಂದ ಪಕ್ಷ ಹಿಡಿದು ಕಪ್ ತರುತ್ತಿದ್ದೆ. ಮೂಢನಂಬಿಕೆಯ ವಿರುದ್ಧವಾದರೆ ಚೀಟಿಯೂ ಬೇಕಿರಲಿಲ್ಲ. ಅಮಾವಾಸ್ಯೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗಂಟೆ ಬಾರಿಸಿದಂತೆ ಎದ್ದು ನಿಲ್ಲುತ್ತಿದ್ದೆ.

"ಗೌರವ್ವಾ, ಅಮಾಸಿ ದಿನ ನಿಮ್ಮ ಓಣ್ಯಾಗ ನಳಾ ಬಂದ್ರ ನೀರು ಹಿಡಿಯೂದಿಲ್ಲೇನು?"

"ಹಿಡೀತೇವಿ. ಖರೆ ಅದರಾಗ ಇಳಿಯೂದಿಲ್ಲ."

ಮಲ್ಲಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡ. ನಾನು ಬಿಡಲಿಲ್ಲ. ಅಮಾವಾಸ್ಯೆ ದಿನ ಆಸ್ಪತ್ರೆಯಲ್ಲಿ ಮಕ್ಕಳು ಹುಟ್ಟುವುದಿಲ್ಲವೇ, ಎಸ್‌ಟಿ ಓಡುವುದಿಲ್ಲವೇ, ಮಗ್ಗ ನಿಲ್ಲುತ್ತದೆಯೇ ಎಂದು ಒಂದರ ಮೇಲೊಂದು ಕೇಳಿದೆ. ಕೊನೆಗೆ ಸತ್ಯಪ್ಪ, "ನನಗ ಎಲ್ಲಾ ದಿನಾನೂ ಅಮಾಸೀನ ಐತಿ. ಬರಕೋರಿ ಮ್ಯಾಡಮ್" ಎಂದರು. ಗೌರವ್ವ ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ನಿಂತಳು. ನಾನು ಅದನ್ನು ಗೆಲುವೆಂದು ಲೆಕ್ಕಕ್ಕೆ ಹಿಡಿದೆ.

ಆಮೇಲೆ ತಾಂಡೇಲನಿಗೆ ಫೋನು ಮಾಡಿದೆ. ನಾವೆಲ್ಲ ಅವರನ್ನು ತಾಂಡೇಲ ಮಾಮಾ ಎನ್ನುತ್ತಿದ್ದೆವು. ಮಾಲವಣದ ಕಡೆ ಹೊಳೆ ಸಮುದ್ರ ಸೇರುವ ಅಳಿವೆಯೊಂದರ ಒಳಗೆ ಅವರ ದೋಣಿ ನಿಲ್ಲುತ್ತಿತ್ತು. ಮಾತೆಲ್ಲ ಮರಾಠಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ದಿನ ಅಮಾವಾಸ್ಯೆ ಅಲ್ಲವೇ? ಬೆಳಗ್ಗೆ ಆರಕ್ಕೆ ಆಗೋದಿಲ್ಲ ಪೋರಿ. ಒಂಬತ್ತಕ್ಕೆ ಬನ್ನಿ."

ಒಬ್ಬಳನ್ನು ಈಗಷ್ಟೇ ಮುಗಿಸಿದ್ದೇನೆ, ಇವರೂ ಶುರುಮಾಡಿದರಲ್ಲ ಎನಿಸಿತು. "ಅಮಾವಾಸ್ಯೆಗೂ ಆರು ಗಂಟೆಗೂ ಏನು ಸಂಬಂಧ ಮಾಮಾ?"

"ಸಂಬಂಧ ಇದೆಯಮ್ಮಾ. ನೀರು..."

"ಸಮುದ್ರಕ್ಕೇನು ಗೊತ್ತು ಮಾಮಾ, ಇವತ್ತು ಅಮಾವಾಸ್ಯೆ ಅಂತ? ಅದೇನು ಗೋಡೆಗೆ ಕ್ಯಾಲೆಂಡರ್ ತೂಗುಹಾಕಿಕೊಂಡಿದೆಯೇ?"

ಆ ಕಡೆಯಿಂದ ನಗು ಕೇಳಿಸಿತು. "ಬರಂ, ಆಯಿತು. ಬಾ, ಆರಕ್ಕೇ ಬಾ."

ಪಕ್ಕದ ಮೇಜಿನಿಂದ ನಮ್ಮ ಮಾಲಕರು ಶಿವಗೌಡ ಅಣ್ಣಾ ಕೇಳಿದರು: "ವಕೀಲಬಾಯಿ, ಇವತ್ತೆಷ್ಟು ವಿಕೆಟ್?"

"ಎರಡು" ಎಂದೆ.

ಸತ್ಯಪ್ಪನಿಗೆ ಮರಾಠಿ ಅಷ್ಟಕ್ಕಷ್ಟೇ, ತಾಂಡೇಲನಿಗೆ ಕನ್ನಡ ಬಾರದು. ಹೀಗಾಗಿ ಅಣ್ಣಾ ನನ್ನನ್ನೂ ಜೊತೆಗೆ ಕಳಿಸಿದರು. ಗೌರವ್ವ ಬರಲಿಲ್ಲ. ಬೆಳಗಿನ ಆರಕ್ಕೆ ಕಟ್ಟೆಯ ಮೇಲೆ ನಿಂತಿದ್ದ ತಾಂಡೇಲ ಮಾಮಾ, ತಮ್ಮನ ಹೆಗಲ ಮೇಲೆ ಕೈಯಿಟ್ಟು ಕಾಲಿನಿಂದ ಮೆಟ್ಟಿಲು ತಡಕುತ್ತ ಇಳಿಯುತ್ತಿದ್ದ ಸತ್ಯಪ್ಪನನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಇದನ್ನು ಫೋನಿನಲ್ಲಿ ಯಾಕೆ ಹೇಳಲಿಲ್ಲ?"

ಹೇಳಿದರೆ ಅವರೂ ಬೇಡ ಎಂದಾರು ಎಂಬ ಭಯಕ್ಕೆ ಹೇಳಿರಲಿಲ್ಲ. ಅವರು ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಸತ್ಯಪ್ಪನಿಗೆ ತಾವೇ ಬಿಗಿದು, ನಡುವಿನ ಹಲಗೆಯ ಮೇಲೆ ಕೂರಿಸಿದರು.

ಹತ್ತು ನಿಮಿಷ ದೋಣಿ ಚೆನ್ನಾಗಿ ಹೋಯಿತು. ಅಳಿವೆಯ ಬಾಯಿಯ ಹತ್ತಿರ ತಳದಲ್ಲಿ ಗರಗರ ಸದ್ದಾಯಿತು, ಮೂತಿ ಮೇಲೆದ್ದಿತು, ನಿಂತಿತು. ಎದುರಿಗೆ ಉದ್ದಕ್ಕೂ ಮರಳ ದಿಬ್ಬ, ಅದರ ಮೇಲೆ ಬೆಳ್ಳಕ್ಕಿಗಳು ಓಡಾಡುತ್ತಿದ್ದವು. ಅದರಾಚೆ ಸಮುದ್ರ. ತಾಂಡೇಲ ಮಾಮಾ ಎಂಜಿನ್ ಆರಿಸಿ, ಲಂಗರು ಇಳಿಸಿ, ತಂಬಾಕು ತಿಕ್ಕತೊಡಗಿದರು.

"ಏನಾಯಿತು ಮಾಮಾ?"

"ಕ್ಯಾಲೆಂಡರ್ ತೂಗುಹಾಕಿದ್ದು ಅಲ್ಲಿ," ಎಂದು ದಿಬ್ಬದ ಕಡೆ ಗದ್ದ ಎತ್ತಿದರು.

ನನ್ನ ಕಿವಿ ಬಿಸಿಯಾಯಿತು. ಆದರೆ ನಿಜ ಹೇಳುತ್ತೇನೆ, ನಾಚಿಕೆಗಿಂತ ಮೊದಲು ಬಂದದ್ದು ಕುತೂಹಲ. ಒಂಬತ್ತು ವರ್ಷದ ಕೆಲಸದಲ್ಲಿ ಐದನೆಯ ವರ್ಷ ಅದು, ಅಲ್ಲಿಯವರೆಗೆ ದೋಣಿಯವರನ್ನು ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ: "ಯಾಕೆ?"

ಅವರು ಹೇಳಿದ್ದು ಇಷ್ಟು. ತಿಥಿಯ ಸಂಖ್ಯೆಯ ಮುಕ್ಕಾಲು ಭಾಗ ಹಿಡಿದರೆ ಉಬ್ಬರ ತುಂಬುವ ಗಂಟೆ ಅಂದಾಜಿಗೆ ಸಿಗುತ್ತದೆ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು. ಆರಕ್ಕೆ ಅಳಿವೆ ತುಂಬಿರುತ್ತದೆ. ಅಮಾವಾಸ್ಯೆಗೆ ಹದಿನೈದು ಹಿಡಿ, ಹನ್ನೊಂದೂ ಕಾಲು. ಹನ್ನೊಂದೂ ಕಾಲಿಗೆ ತುಂಬುವ ನೀರು ಅದಕ್ಕೆ ಆರು ತಾಸು ಮೊದಲು ತಳ ಕಂಡಿರುತ್ತದೆ. ಅಳಿವೆಯ ಒಳಗೆ ಅದು ತಿರುಗಲು ಇನ್ನೂ ತಾಸಿಗಿಂತ ಹೆಚ್ಚು ಹಿಡಿಯುತ್ತದೆ. ಅದರಲ್ಲೂ ಅಮಾವಾಸ್ಯೆ, ಹುಣ್ಣಿಮೆಯ ಇಳಿತ ಬೇರೆ ದಿನಗಳಿಗಿಂತ ಕೆಳಗೆ ಹೋಗುತ್ತದೆ. "ನಾನು ಅಪಶಕುನ ಅಂದೆನೇ? ನೀರಿಲ್ಲ ಅನ್ನಲು ಹೊರಟೆ. ನೀನು ಬಿಡಲಿಲ್ಲ. ಮರಳೇ ಹೇಳಲಿ ಅಂತ ಸುಮ್ಮನಾದೆ. ಇವರು ಹೀಗಿದ್ದಾರೆ ಅಂತ ತಿಳಿದಿದ್ದರೆ ಆ ಹಟಕ್ಕೆ ನಾನೂ ಬೀಳುತ್ತಿರಲಿಲ್ಲ."

ನಾನು ಬೆರಳು ಮಡಚಿ ಏಕಾದಶಿಯ ಲೆಕ್ಕ ಮಾಡಿದೆ, ಚತುರ್ಥಿಯ ಲೆಕ್ಕ ಮಾಡಿದೆ. ಚಂದ್ರ ದಿನಾ ತಡವಾಗಿ ಹುಟ್ಟುತ್ತಾನೆ, ನೀರೂ ದಿನಾ ಮುಕ್ಕಾಲು ತಾಸು ತಡಮಾಡುತ್ತದೆ. ಪುಸ್ತಕದಲ್ಲಿ ಓದಿದ್ದೆ, ಉತ್ತರ ಬರೆದು ಅಂಕ ತೆಗೆದುಕೊಂಡಿದ್ದೆ. ಅದು ಗೋಡೆಯ ಕ್ಯಾಲೆಂಡರಿನ ಆ ಕರಿ ಉರುಟೇ ಎಂದು ಮಾತ್ರ ಹೊಳೆದಿರಲಿಲ್ಲ.

"ಎಷ್ಟೊತ್ತಿಗೆ ದೋಣಿ ಏಳುತ್ತದೆ?"

"ಎಂಟೂವರೆ."

ಮೀನಿನ ಜಾಗಕ್ಕೆ ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು. ಹನ್ನೆರಡರೊಳಗೆ ದಡ ಸೇರಬೇಕೆಂದರೆ ಗಾಳಕ್ಕೆ ಉಳಿಯುವುದು ಅರ್ಧ ತಾಸು. ಮಲ್ಲಪ್ಪನ ಮುಖ ನೋಡದೆ ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಸತ್ಯಪ್ಪ ಕೇಳಿ, "ಹಂಗಾರ ಕುಂತಲ್ಲೇ ಒಂದು ಎಳಿ ಬಿಡೂಣಲ್ಲ" ಎಂದರು. ಕೋಲು ಬೇಡ, ರೀಲು ಬೇಡ. ತಂಗೂಸಿ, ಅಂದರೆ ನೈಲಾನ್ ಎಳೆ, ಅದರ ತುದಿಗೆ ಸೀಸದ ಗುಂಡು ಮತ್ತು ಗಾಳ, ಮತ್ತೊಂದು ತುದಿ ತೋರುಬೆರಳಿಗೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಬೆನ್ನು ನೆಟ್ಟಗೆ ಮಾಡಿದರು. "ಮಲ್ಯಾ, ನೀರು ನಿಂತೈತಿ."

"ಎಲ್ಲಿ ನಿಂತೈತಿ? ಹರಿಯಾಕತ್ತೇತಿ ನೋಡು."

"ನೀ ನೋಡು. ನಾ ಹೇಳತೇನಿ ಕೇಳು. ನಿಂತೈತಿ... ತಡಿ... ತಿರಗಿತು! ಹೊರಗ ಹೊಂಟಿದ್ದು ಒಳಗ ಹೊಂಟೈತಿ! ಮ್ಯಾಡಮ್, ಆತನ್ನ ಕೇಳ್ರಿ, ಖರೇನ?"

ತಾಂಡೇಲ ಮಾಮಾ ಬಗ್ಗಿ ತೇಲುತ್ತಿದ್ದ ಒಂದು ಎಲೆಯನ್ನು ನೋಡಿದರು. ಎಲೆ ಇದ್ದಲ್ಲೇ ಇತ್ತು. ಆಮೇಲೆ, ನಾವು ನೋಡುತ್ತಿರುವಾಗಲೇ, ಬಹಳ ನಿಧಾನವಾಗಿ ಊರಿನ ಕಡೆ ಸರಿಯಿತು. ಅವರು ತಂಬಾಕು ಉಗುಳಿ, "ಇವರಿಗೆ ನನಗಿಂತ ಮೊದಲು ತಿಳಿಯಿತು" ಎಂದರು. ನಾನು ಅನುವಾದಿಸಿದೆ. ಸತ್ಯಪ್ಪ ಮಗುವಿನಂತೆ ನಗುತ್ತಿದ್ದರು. "ಹಿರಣ್ಯಕೇಶಿ ಒಮ್ಮೆನೂ ಹೀಂಗ ಹೊಳ್ಳಿ ಬಂದಿಲ್ಲೋ ಮಲ್ಯಾ!"

ಮೊದಲ ಎಳೆ ಚಿಪ್ಪುಗಲ್ಲಿಗೆ ಉಜ್ಜಿ ನಡುವೆ ಹರಿಯಿತು. ತಾಂಡೇಲ ಮಾಮಾ ಕೈಚಾಚುವ ಮೊದಲೇ ಮಲ್ಲಪ್ಪ ಎರಡು ತುದಿ ಹಿಡಿದು, ಚಿಟಿಕೆ ಹೊಡೆಯುವಷ್ಟರಲ್ಲಿ ಗಂಟು ಹಾಕಿಬಿಟ್ಟಿದ್ದ. ಮಗ್ಗದವರ ಆ ಗಂಟನ್ನು ನೀವು ನೋಡಬೇಕು. ಬೆರಳು ಕಾಣುವುದಿಲ್ಲ, ಗಂಟು ಮಾತ್ರ ಕಾಣುತ್ತದೆ, ಎಳ್ಳಿನಷ್ಟು. ತಾಂಡೇಲ ಮಾಮಾ ಕೂಡ "ವಾ!" ಎಂದರು.

ನೀರು ಏರತೊಡಗಿದ ಹಾಗೆ ಒಳಕ್ಕೆ ಮೀನು ಬರುತ್ತದೆ ಎಂದು ಅವರು ಹೇಳುತ್ತಿದ್ದರು. ಆ ಮಾತು ಮುಗಿದಿರಲಿಲ್ಲ. ಸತ್ಯಪ್ಪನ ಕೈ ಒಮ್ಮೆಗೇ ದೋಣಿಯ ಅಂಚಿಗೆ ಬಡಿಯಿತು. ಅವರು ಉಸಿರು ಹಿಡಿದು ಎಳೆ ಬಿಟ್ಟರು, ತಂದರು, ಮತ್ತೆ ಬಿಟ್ಟರು. ಮಲ್ಲಪ್ಪ ಹಿಂದಿನಿಂದ ಅವರ ಸೊಂಟ ತಬ್ಬಿ ಕೂತ. ನೀರಿನೊಳಗೆ ತಾಮ್ರದ ಬಣ್ಣದ್ದೇನೋ ಒಂದು ಪಕ್ಕೆ ತಿರುಗಿಸಿದ್ದು ನನಗೆ ಕಂಡಿತು. ಆಮೇಲೆ ಎಳೆ ಸಡಿಲಾಯಿತು.

ಸತ್ಯಪ್ಪ ಎಳೆಯನ್ನು ಪೂರ್ತಿ ಒಳಗೆ ಸುತ್ತಿಕೊಂಡು, ಅದರ ತುದಿಯನ್ನು ಎರಡು ಬೆರಳ ನಡುವೆ ಹೊರಳಿಸಿದರು.

"ಹರದಿಲ್ಲ ಇದು. ತುದಿ ಗುಂಗುರು ಆಗೇತಿ. ಬಿಚ್ಚೇತಿ. ಮಲ್ಯಾ, ಮಗ್ಗದ ಗಂಟು ಹಾಕಿದೇನೋ?"

"ಮೂವತ್ತು ವರ್ಷ ಹಾಕೇನಿ ಅಣ್ಣಾ. ಒಂದೂ ಬಿಚ್ಚಿಲ್ಲ," ಎಂದ ಮಲ್ಲಪ್ಪ.

ಹತ್ತಿಯ ನೂಲಿಗೆ ನಾರು ಇರುತ್ತದೆ, ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ತಂಗೂಸಿ ನುಣುಪು, ಅಲ್ಲಿ ಆ ಗಂಟು ಜಾರುತ್ತದೆ. ತಾಂಡೇಲ ಮಾಮಾ ಇನ್ನೆರಡು ತುಂಡು ತಗೊಂಡು ತಮ್ಮ ಗಂಟು ಹಾಕಿ ತೋರಿಸಿದರು, ಸುತ್ತಿ ಸುತ್ತಿ, ಎಂಜಲು ಹಚ್ಚಿ, ಬಿಗಿದು. ಆ ಗಂಟಿನ ಮೇಲೆ ಎಂಟೂವರೆಯವರೆಗೂ, ದೋಣಿ ತಾನಾಗಿ ಎದ್ದು ತೇಲಿದ ಮೇಲೂ, ಏನೂ ಕಚ್ಚಲಿಲ್ಲ. ಹೊರಗೆ ಸಮುದ್ರಕ್ಕೆ ಒಂದು ಸುತ್ತು ಹೋಗಿ ತಿರುಗಿದೆವು.

ವಾಪಸು ಗಾಡಿಯಲ್ಲಿ ಘಟ್ಟ ಹತ್ತುವವರೆಗೆ ನಾನು ವಿರುದ್ಧ ಪಕ್ಷಕ್ಕೆ ಕೊಡುವ ಉತ್ತರ ತಯಾರಿಸುತ್ತಿದ್ದೆ. ಗೌರವ್ವ ಏನು ಹೇಳುತ್ತಾಳೆಂದು ಗೊತ್ತಿತ್ತು. ಇಚಲಕರಂಜಿಯಲ್ಲಿ ಅವರ ಬಾಗಿಲಿಗೆ ಗಾಡಿ ನಿಂತಾಗ ಅವಳು ಹೊಸ್ತಿಲಲ್ಲೇ ಇದ್ದಳು.

"ಮೀನ ಎಲ್ಲೈತಿ?"

"ಬಿಚ್ಚಿಕೊಂಡು ಹೋತು," ಎಂದರು ಸತ್ಯಪ್ಪ.

"ಅಮಾಸಿ. ನಾ ಹೇಳಿದ್ದಿಲ್ಲೇನು?"

ನನ್ನ ಬಳಿ ಉತ್ತರ ಇತ್ತು. ಅಮಾವಾಸ್ಯೆಯಲ್ಲ, ನನ್ನ ಬಾಯಿ ಮತ್ತು ಮಲ್ಲಪ್ಪನ ಗಂಟು ಎಂಬುದೇ ಉತ್ತರ. ಅದು ಹಾಗಲ್ಲ ಗೌರವ್ವಾ ಎಂದು ಶುರುಮಾಡಿದೆ. ಸತ್ಯಪ್ಪ ಕೈ ಎತ್ತಿ ತಡೆದರು.

"ಬರೂ ಅಮಾಸಿಗಿ ಮತ್ತ ಹೊಂಟೇನಿ. ಒಂಬತ್ತಕ್ಕ. ಅವತ್ತ ನೀರು ಭಾಳ ದೂರ ಹೋಗಿ ಭಾಳ ಜೋರಲೆ ಹೊಳ್ಳಿ ಬರತೈತಂತ. ನಾ ಅದನ್ನ ಮುಟ್ಟೇನಿ ಗೌರಿ."

ಗೌರವ್ವ ಮೈದುನ ಮಲ್ಲಪ್ಪನ ಕಡೆ ತಿರುಗಿದಳು. "ಹಂಗಾರ ನಾನೂ ಬರತೇನಿ. ಗಂಟು ಯಾರು ಹಾಕತಾರ, ನಿಂತು ನೋಡತೇನಿ."

ಮರುದಿನ ನಾನು ಬುಕಿಂಗ್ ಚೀಟಿಯಲ್ಲಿ ತಾರೀಖಿನ ಪಕ್ಕ ಒಂದು ಗೆರೆ ಎಳೆದು 'ತಿಥಿ' ಎಂದು ಬರೆದೆ. ಕೆಳಗೆ 'ಬರುವವರ ಬಗ್ಗೆ ದೋಣಿಯವರಿಗೆ ತಿಳಿದಿರಬೇಕಾದದ್ದು' ಎಂದು ಇನ್ನೊಂದು ಜಾಗ ಬಿಟ್ಟೆ. ಅಣ್ಣಾ ಕನ್ನಡಕ ಏರಿಸಿ ನೋಡಿ, "ನಮ್ಮ ವಕೀಲಬಾಯಿ ಪಂಚಾಂಗಕ್ಕ ಬಂದ್ಲಪಾ!" ಎಂದು ಇಡೀ ಆಫೀಸಿಗೆ ಕೇಳುವಂತೆ ಸಾರಿದರು. ನಾನೇನೂ ಬಂದಿರಲಿಲ್ಲ. ಆ ಮುಕ್ಕಾಲಿನ ಲೆಕ್ಕವನ್ನೂ ನಾನು ಹಾಗೇ ನಂಬಲಿಲ್ಲ. ಫೋನಿನಲ್ಲಿ ಬರುವ ಉಬ್ಬರ-ಇಳಿತದ ಪಟ್ಟಿಯ ಜೊತೆ ತಿಂಗಳುಗಟ್ಟಲೆ ತಾಳೆ ಹಾಕಿದೆ. ಕೆಲವು ದಿನ ಅರ್ಧ ತಾಸು, ಕೆಲವು ದಿನ ಅದಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ. ಹೀಗಾಗಿ ಹೊಸ ಹುಡುಗಿಯರೇ, ಪಟ್ಟಿಯನ್ನೂ ನೋಡಿ, ಕ್ಯಾಲೆಂಡರನ್ನೂ ನೋಡಿ, ಕೊನೆಗೆ ತಾಂಡೇಲನನ್ನು ಕೇಳಿ. ಕೇಳಿದ ಮೇಲೆ ಅವರ ಮಾತು ಮುಗಿಯಲು ಬಿಡಿ. ನನಗೆ ಕಷ್ಟವಾದದ್ದು ಅದೊಂದೇ.

ಮುಂದಿನ ಅಮಾವಾಸ್ಯೆಗೆ ಮಲ್ಲಪ್ಪ ಒಂದು ದಿನ ಹೆಚ್ಚು ರಜೆ ಹಾಕಿದ, ಅವರು ಹೋದರು. ನನ್ನನ್ನು ಅಣ್ಣಾ ಕಳಿಸಲಿಲ್ಲ. "ನೀ ಇಲ್ಲಂದ್ರ ದೋಣಿ ತೇಲತೈತಿ" ಎಂದರು. ಮೂರು ದಿನದ ಮೇಲೆ ಸತ್ಯಪ್ಪ, ಗೌರವ್ವ, ಮಲ್ಲಪ್ಪ ಮೂವರೂ ನನ್ನ ಮೇಜಿನ ಎದುರು ಬಂದು ಕೂತರು.

"ಸಿಕ್ತೇನ್ರಿ?" ಎಂದೆ.

ಮಲ್ಲಪ್ಪ ಫೋನು ತೆಗೆದು ಫೋಟೋ ತೋರಿಸಿದ. ಅದರಲ್ಲಿ ಗೌರವ್ವನ ಮೊಳಕೈ, ದೋಣಿಯ ಅಂಚು, ನೀರು ಇದ್ದವು. ಮೂಲೆಯಲ್ಲಿ ಬಾಲದಂಥದ್ದು ಏನೋ.

"ಇದು ಪುರಾವೆ ಅಲ್ಲ ಮಲ್ಲಪ್ಪಾ. ಇದರಾಗ ಮೀನು ಎಲ್ಲೈತಿ?"

"ನೋಡಿದ್ರೇನ, ನಾ ಹೇಳಿದ್ದಿಲ್ಲ? ಈಕಿ ನಂಬೂದಿಲ್ಲ," ಎಂದಳು ಗೌರವ್ವ ಗಂಡನಿಗೆ.

ಸತ್ಯಪ್ಪ ಅಂಗಿಯ ಜೇಬಿನಿಂದ ಮಾರುದ್ದದ ಒಂದು ತಂಗೂಸಿ ತೆಗೆದರು. "ಕೈ ಕೊಡ್ರಿ ಮ್ಯಾಡಮ್." ತೋರುಬೆರಳನ್ನು ತಡಕಿ ಹಿಡಿದು ಎರಡು ಸುತ್ತು ಸುತ್ತಿದರು. ಅವರ ಬೆರಳ ತುದಿಗಳು ತಣ್ಣಗಿದ್ದವು. ಸುತ್ತು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಒಂದಲ್ಲ, ಮೂರು ಸಲ ಮುಟ್ಟಿ ನೋಡಿಕೊಂಡರು. ಆಮೇಲೆ ಇನ್ನೊಂದು ತುದಿ ತಮ್ಮ ಮುಷ್ಟಿಗೆ ತಗೊಂಡು, "ಕಣ್ಣು ಮುಚ್ಚರಿ" ಎಂದರು.

ಮುಚ್ಚಿದೆ. ಹೊರಗೆ ಎಸ್‌ಟಿಯ ಹಾರ್ನು, ದೂರದಲ್ಲಿ ಮಗ್ಗಗಳ ಬಡಿತ. ಬೆರಳಿಗೆ ಮೊದಲು ಏನೂ ಇಲ್ಲ. ಆಮೇಲೆ ಯಾರೋ ಬಾಗಿಲು ತಟ್ಟಿದಂತೆ ಒಂದು ಸಣ್ಣ ಟಕ್. ಇನ್ನೊಂದು. ಸುಮ್ಮನಾಯಿತು. ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಇಡೀ ಕೈ ಮೇಜಿನ ಮೇಲೆ ಮುಂದಕ್ಕೆ ಜಾರಿತು, ಚೀಟಿಪುಸ್ತಕ ಕೆಳಗೆ ಬಿತ್ತು, ನಾನು ಎಳೆದೆ, ಅದು ಬಿಟ್ಟಿತು, ಮತ್ತೆ ಎಳೆಯಿತು, ಪಕ್ಕಕ್ಕೆ, ಕೆಳಕ್ಕೆ, ತಲೆ ಕೊಡವುತ್ತ.

"ಹೀಂಗ," ಎಂದರು ಸತ್ಯಪ್ಪ. "ಹೀಂಗ ಇತ್ತು. ನೆನಪ ಇಟಕೋರಿ. ನನಗ ಬೇಕಾದಾಗ ಬಂದು ಕೇಳತೇನಿ."

ಬೆರಳ ಮೇಲಿನ ಕೆಂಪು ಗೆರೆ ಸಂಜೆಯವರೆಗೆ ಇತ್ತು. ಅವರು ಆಮೇಲೆ ನಾಲ್ಕೈದು ಸಲ ಬಂದರು. ಕಳೆದ ವರ್ಷ ಬಂದಾಗ ಚಹಾದ ಕಪ್ಪನ್ನು ಗೌರವ್ವ ಹಿಡಿದು ಕುಡಿಸಿದಳು. ಅವರು ತಮ್ಮ ಕೈಯನ್ನು ಮೇಜಿನ ಮೇಲಿಟ್ಟು, "ಇದರಾಗ ಈಗ ಏನೂ ಉಳಿದಿಲ್ರಿ. ಹೇಳ್ರಿ, ಹ್ಯಾಂಗ ಎಳೀತಿತ್ತು?" ಎಂದರು. ನಾನು ಅವರ ಮೊಳಕೈಯ ಮೇಲೆ, ಇನ್ನೂ ಸ್ಪರ್ಶ ತಿಳಿಯುವ ಜಾಗದಲ್ಲಿ, ತಂಗೂಸಿ ಎರಡು ಸುತ್ತು ಸುತ್ತಿ, ಮೊದಲು ಒಂದು ಸಣ್ಣ ಟಕ್ ಕೊಟ್ಟೆ.